ಬಿಸಿಲಿಗೂ ಒಂದು ವಿಷಲ್

ಮೈದಾನದಲ್ಲಿ ನಿಂತು ಸಂಬಳ ತಗೊಳ್ಳೋರಿಗೆ ನಗು ಬರುವಂಥ ಪ್ರಸಂಗಗಳಿಗೆ ಯಾವತ್ತೂ ಬರವಿಲ್ಲ. ಅದರಲ್ಲೂ ಮಳೆ ಬರಬೇಕಾದಾಗ ಬಿಸಿಲು, ಬಿಸಿಲಿರಬೇಕಾದಾಗ ಸಿಡಿಲು ಬರೋಕೆ ಶುರುವಾದ ಮೇಲಂತೂ ಅವು ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಮಕ್ಕಳಿಗೆ ಪೀಟಿ ಮಿಸ್ಸು, ಊರವರಿಗೆ ಪೀಟಿ ಮೇಡಮ್ಮ. ಕಚೇರಿಯವರು ಏನಂತಾರೆ ಅನ್ನೋದನ್ನ ನನ್ನ ಮುಂದೆ ಯಾರೂ ಹೇಳಿಲ್ಲ. ಮನೆ ತರೀಕೆರೆ. ಕೆಲಸಕ್ಕೆ ಸೇರಿದ್ದು ಅಜ್ಜಂಪುರದ ಕಡೆ, ಆಮೇಲೆ ಲಕ್ಕವಳ್ಳಿ ಹತ್ತಿರ ಕೆಲವು ವರ್ಷ, ಈಗ ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಕಡೆ ಇದ್ದೀನಿ. ನಾನು ಸೇರಿದಾಗ ತಾಲ್ಲೂಕು ಕ್ರೀಡಾಕೂಟ ಅಂದರೆ ಸೋನೆ ಮಳೆ, ಕೆಸರು, ಜಾರಿ ಬೀಳೋದು, ನಗೋದು. ಈಗ ಅದೇ ತಿಂಗಳಲ್ಲಿ ಮೈದಾನದ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಹಾಗಂತ ಆಟಾನೇ ನಿಲ್ಲಿಸಿಬಿಡಿ ಅಂತ ಸಲಹೆ ಕೊಡೋರು ಬಹಳ ಮಂದಿ ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳ ಆಟ. ನಾನು ನಿಲ್ಲಿಸಲ್ಲ. ಆಡಿಸ್ತೀನಿ, ಯಾರೂ ತಲೆ ತಿರುಗಿ ಬೀಳದ ಹಾಗೆ ಆಡಿಸ್ತೀನಿ. ನನ್ನ ಹಟ ಇಷ್ಟೇ.

೧. ನೀರಲ್ಲ ತಾನೇ

ಅಜ್ಜಂಪುರದ ಕಡೆಯ ಶಾಲೆಯಲ್ಲಿ ಹುಡುಗಿಯರ ಕಬಡ್ಡಿ ತಂಡ ಕಟ್ಟಿದ್ದೆ. ಆಟದ ಮಧ್ಯೆ ಆಗಾಗ ವಿಷಲ್ ಊದುತ್ತಿದ್ದೆ. ಊದಿದ ತಕ್ಷಣ ಎಲ್ಲರೂ ಬಂದು ನೀರು ಕುಡಿಯಬೇಕು, ಬಾಯಾರಿಕೆ ಆಗಿರಲಿ ಬಿಡಲಿ.

ಒಂದು ಮಧ್ಯಾಹ್ನ ತಂಡದ ಹುಡುಗಿಯೊಬ್ಬಳ ತಾತ ಮೈದಾನಕ್ಕೇ ಬಂದರು. ಹರೆಯದಲ್ಲಿ ದೊಡ್ಡ ಕಬಡ್ಡಿ ಆಟಗಾರರಂತೆ, ಸುತ್ತಲ ಹಳ್ಳಿಗಳಲ್ಲಿ ಅವರ ಹೆಸರು ಹೇಳಿದರೆ ಎದುರು ತಂಡ ಅರ್ಧ ಸೋಲುತ್ತಿತ್ತಂತೆ. ಅವರ ದೂರು ಏನೆಂದರೆ, ಆಡುವಾಗ ನೀರು ಕುಡಿದರೆ ಪಕ್ಕೆ ಹಿಡಿಯುತ್ತೆ, ನಾನು ಮಕ್ಕಳನ್ನ ಹಾಳು ಮಾಡ್ತಿದ್ದೀನಿ. ತಮ್ಮ ಕಾಲದಲ್ಲಿ ಹೊತ್ತು ಮುಳುಗೋ ತನಕ ಒಂದು ತೊಟ್ಟು ನೀರು ಮುಟ್ಟದೆ ಆಡ್ತಿದ್ದದ್ದನ್ನ ವಿವರವಾಗಿ ಹೇಳಿದರು. ಆಗಿನ ಬಿಸಿಲು ಬೇರೆ, ಈಗಿನದು ಬೇರೆ ಅಂತ ನಾನಂದೆ. ಸೂರ್ಯ ಅವನೇ ಅಂದರು.

ಮಾತಿಗೆ ಮಾತು ಬೆಳೀತು. ಕೊನೆಗೆ ಅವರೇ ಪಂಚೆ ಎತ್ತಿ ಕಟ್ಟಿ, ಹೇಗೆ ಆಡೋದು ಅಂತ ತೋರಿಸ್ತೀನಿ ಅಂತ ಅಂಕಣಕ್ಕಿಳಿದರು. ನನಗೆ ಒಳಗೇ ದಿಗಿಲು. ಹುಡುಗಿಯರಿಗೆ ಕಣ್ಸನ್ನೆ ಮಾಡಿದೆ, ಯಾರೂ ಹಿಡಿಯಬೇಡಿ ಅಂತ. ಮೊದಲ ಸಲ ಹೋಗಿ ಇಬ್ಬರನ್ನ ಮುಟ್ಟಿ ಬಂದರು, ನಿಜವಾಗಲೂ ಚೆಂದದ ಕಾಲು. ಎರಡನೇ ಸಲ ನಡು ಅಂಕಣಕ್ಕೆ ಹೋಗೋ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು "ಕಬಡ್" ಅನ್ನೋದರಲ್ಲೇ ಮಾತು ನಿಂತುಹೋಯ್ತು. ಬಾಯಿ ಆಡಿಸ್ತಾರೆ, ಡ್ಡಿ ಬರಲ್ಲ. ಮೊಮ್ಮಗಳು ಕೈ ಹಿಡಿದು ಕರ್ಕೊಂಡು ಬಂದು ಮರದ ಕೆಳಗೆ ಕೂರಿಸಿ ನೀರಿನ ಲೋಟ ಹಿಡಿದಳು. ತಾತ ಲೋಟ ಪಕ್ಕಕ್ಕೆ ಸರಿಸಿದರು. ಮಾತು ಅಂದರೆ ಮಾತು.

ಸ್ವಲ್ಪ ಹೊತ್ತಾದ ಮೇಲೆ ಅವರ ಕಣ್ಣು ನನ್ನ ಊಟದ ಚೀಲದ ಮೇಲೆ ಬಿತ್ತು. ಆ ಬಾಟಲಲ್ಲಿ ಬೆಳ್ಳಗಿರೋದು ಏನು ಅಂತ ಸನ್ನೆಯಲ್ಲೇ ಕೇಳಿದರು. ಮಜ್ಜಿಗೆ ಅಂದೆ. ಕೈ ಚಾಚಿದರು. ಪೂರ್ತಿ ಬಾಟಲು ಖಾಲಿ ಮಾಡಿ, ಮೀಸೆ ಒರೆಸಿಕೊಂಡು, "ನಾನು ಬ್ಯಾಡ ಅಂದಿದ್ದು ನೀರು ಕಣಮ್ಮ" ಅಂದರು.

ಮಾರನೇ ದಿನದಿಂದ ಅವರ ಮನೆಯಿಂದಲೇ ಇಡೀ ತಂಡಕ್ಕೆ ಕ್ಯಾನು ತುಂಬ ಉಪ್ಪು ಮಜ್ಜಿಗೆ ಬರೋಕೆ ಶುರುವಾಯ್ತು. ಊರಲ್ಲಿ ಅವರು ಹೇಳಿಕೊಂಡು ತಿರುಗಿದ್ದು ಮಾತ್ರ ಬೇರೆ: "ಪಾಪ, ಮೇಡಮ್ಮಂಗೆ ಏನೂ ಗೊತ್ತಿರ್ಲಿಲ್ಲ. ಆಡೋ ಮಕ್ಕಳಿಗೆ ಏನಾದ್ರೂ ಕುಡಿಸ್ಬೇಕು ಅಂತ ನಾನೇ ಹೇಳ್ಕೊಟ್ಟೆ."

೨. ನೆರಳು ಯಾರಿಗೆ

ಒಂದು ವರ್ಷ ಕಡೂರಿನ ಕಡೆ ನಡೆದ ಕ್ರೀಡಾಕೂಟದಲ್ಲಿ ಮೈದಾನದ ವ್ಯವಸ್ಥೆ ನನ್ನ ತಲೆಗೆ ಬಂತು. ಬೆಳಿಗ್ಗೆ ಶಾಮಿಯಾನದವನು ಬಂದ. ಇದ್ದದ್ದು ಒಂದೇ ದೊಡ್ಡ ಶಾಮಿಯಾನ. ಎಲ್ಲಿ ಹಾಕಲಿ ಅಂತ ಕೇಳಿದ, ಕೇಳುವಾಗಲೇ ವೇದಿಕೆ ಕಡೆ ನಡೀತಿದ್ದ. ನಾನು ಕರೆದು, ಪಥಸಂಚಲನ ಮುಗಿಸಿ ಮಕ್ಕಳು ನಿಲ್ಲೋ ಜಾಗ ತೋರಿಸಿದೆ. ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಜೊತೆಯಲ್ಲಿದ್ದ ಹಿರಿಯ ಪೀಟಿ ಮೇಷ್ಟ್ರು ನನ್ನನ್ನ ಪಕ್ಕಕ್ಕೆ ಕರೆದು, ಮುಂದಿನ ವರ್ಗಾವಣೆ ಯಾವ ಊರಿಗೆ ಬೇಕು ಅಂತ ಈಗಲೇ ಯೋಚನೆ ಮಾಡಿಟ್ಕೊಳ್ಳಮ್ಮ ಅಂದರು.

ಅತಿಥಿಗಳು ಬಂದರು. ಎಲ್ಲರಿಗೂ ತಲೆಗೆ ಪೇಟ, ಹೆಗಲಿಗೆ ಶಾಲು, ಕುತ್ತಿಗೆಗೆ ದಪ್ಪ ಹಾರ. ಪಕ್ಕದಲ್ಲಿ ಒಂದು ಹಣ್ಣಿನ ಬುಟ್ಟಿ. ಬಿಸಿಲು ನೇರ ಮುಖಕ್ಕೆ. ಮಕ್ಕಳು ಎದುರಿಗೆ ತಂಪಾಗಿ ನೆರಳಲ್ಲಿ. ಮೊದಲು ಮಾತಾಡಿದವರು ಭಾಷಣಕ್ಕೆ ಹೆಸರಾದವರು, ಹಿಂದಿನ ಸಲ ಅವರ ಮಾತು ಮುಗಿಯೋದರೊಳಗೆ ಮಕ್ಕಳು ಒಬ್ಬರ ಹಿಂದೊಬ್ಬರು ಕುಸಿದು ಬಿದ್ದಿದ್ದರು. ಕ್ರೀಡಾಪಟುವಾದವನು ಬಿಸಿಲಿಗೆ ಅಂಜಬಾರದು ಅಂತ ಶುರು ಮಾಡಿದರು. ಪೇಟದ ಕೆಳಗಿಂದ ಬೆವರು ಇಳೀತು. ಶಾಲಿನಿಂದ ಒರೆಸಿಕೊಂಡರು. ಕ್ರೀಡೆಯಲ್ಲಿ ಸೋಲು ಗೆಲುವು ಮುಖ್ಯ ಅಲ್ಲ ಅಂದರು. ಇನ್ನೊಂದು ಸಲ ಒರೆಸಿಕೊಂಡು, ಹೆಚ್ಚು ಮಾತಾಡಿ ಮಕ್ಕಳ ಸಮಯ ಹಾಳು ಮಾಡಲ್ಲ ಅಂತ ಕೈ ಮುಗಿದುಬಿಟ್ಟರು. ಮುಂದಿನವರು ಎದ್ದು, ನಾನು ಹೇಳಬೇಕಾದ್ದನ್ನೆಲ್ಲ ಅವರೇ ಹೇಳಿದ್ದಾರೆ ಅಂದರು. ಅದರ ಮುಂದಿನವರು ಮೈಕಿನ ತನಕ ಬರಲೇ ಇಲ್ಲ, ಕೂತಲ್ಲಿಂದಲೇ ಶುಭಾಶಯ ಕೋರಿದರು. ವಂದನಾರ್ಪಣೆ ಮುಗಿಯೋ ಹೊತ್ತಿಗೆ ವೇದಿಕೆ ಮೇಲೆ ಹಣ್ಣಿನ ಬುಟ್ಟಿಗಳು ಮಾತ್ರ ಇದ್ದವು. ಅತಿಥಿಗಳೆಲ್ಲ ಕೆಳಗಿಳಿದು ಎಂಟನೇ ಕ್ಲಾಸಿನ ಮಕ್ಕಳ ಮಧ್ಯೆ ನೆರಳಲ್ಲಿ ನಿಂತಿದ್ದರು.

ವಾರದಲ್ಲಿ ನನಗೆ ನೋಟೀಸು ಬಂತು, ವೇದಿಕೆಗೆ ನೆರಳಿನ ವ್ಯವಸ್ಥೆ ಯಾಕೆ ಮಾಡಿಲ್ಲ, ವಿವರಣೆ ಕೊಡಿ ಅಂತ. ಉದ್ಘಾಟನೆ ಹೇಳಿದ ಸಮಯಕ್ಕೆ ಮುಗಿದದ್ದು ನನ್ನ ಸರ್ವೀಸಿನಲ್ಲಿ ಇದೇ ಮೊದಲು, ಒಂದು ಮಗುವೂ ಬಿದ್ದಿಲ್ಲ, ಇದೇ ನನ್ನ ವಿವರಣೆ ಅಂತ ಬರೆದು ಕಳಿಸಿದೆ. ಆ ಕಡೆಯಿಂದ ಸದ್ದಿಲ್ಲ.

ಮುಂದಿನ ವರ್ಷ ಯಾರೂ ಕೇಳದೆ ಎರಡು ಶಾಮಿಯಾನ ಬಂದವು. ಭಾಷಣ ಮೊದಲಿನಷ್ಟೇ ಉದ್ದ ಆಯ್ತು.

೩. ಗುಂಡು ಎಸೆತ

ಇನ್ನೊಂದು ಕೂಟ, ತರೀಕೆರೆ ಕಡೆಯದು. ನೀರಿನ ಡ್ರಮ್ ಇದೆ, ಲೋಟ ಇದೆ, ನಾನು ವಿಷಲ್ ಊದಿದ್ದೂ ಊದಿದ್ದೇ. ಹುಡುಗರು ಕುಡೀತಿದ್ದಾರೆ, ಹುಡುಗಿಯರು ಲೋಟ ತುಟಿಗೆ ಮುಟ್ಟಿಸಿ ಕೆಳಗಿಡ್ತಿದ್ದಾರೆ. ಓಟ ಮುಗಿಸಿ ಬಂದ ಒಬ್ಬಳು ತಲೆ ಸಿಡೀತಿದೆ ಮಿಸ್ ಅಂತ ನನ್ನ ಹೆಗಲಿಗೆ ಒರಗಿದಳು. ತುಟಿ ಒಣಗಿ ಬಿರಿದಿದೆ. ಬೆಳಿಗ್ಗೆಯಿಂದ ಏನು ಕುಡಿದೆ ಅಂದರೆ ಏನೂ ಇಲ್ಲ. ಯಾಕೆ ಅಂತ ಕೇಳಿದರೆ ನೆಲ ನೋಡ್ತಾಳೆ. ಕೊನೆಗೆ ಕಿವಿಯಲ್ಲಿ ಹೇಳಿದಳು: "ಕುಡಿದ್ರೆ ಹೋಗ್ಬೇಕಲ್ಲ ಮಿಸ್. ಎಲ್ಲಿಗೆ ಹೋಗೋದು?"

ಮೈದಾನದ ಮೂಲೆಯಲ್ಲಿ ಹೆಣ್ಣುಮಕ್ಕಳಿಗೆ ಅಂತ ಕಟ್ಟಿದ್ದ ಶೌಚಾಲಯ ಇತ್ತು. ಬಾಗಿಲಿಗೆ ಬೀಗ. ಮೈದಾನ ನೋಡಿಕೊಳ್ಳೋ ಸಮಿತಿಯವರನ್ನ ಕೇಳಿದೆ. ಒಳಗೆ ಪ್ಲಾಸ್ಟಿಕ್ ಕುರ್ಚಿ ಪೇರಿಸಿಟ್ಟಿದ್ದೀವಿ, ಕೀ ಇರೋರು ಬೀರೂರಿಗೆ ಮದುವೆಗೆ ಹೋಗಿದ್ದಾರೆ, ಸಂಜೆ ಬರ್ತಾರೆ ಅಂದರು. ಸಂಜೆ ತನಕ ಹುಡುಗಿಯರು ಏನು ಮಾಡಬೇಕು ಅಂದೆ. ಸ್ವಲ್ಪ ತಡ್ಕೊಳ್ಳಲಿ ಮೇಡಂ ಅಂತ ಗಂಡಸೊಬ್ಬರು ಬಹಳ ಸಮಾಧಾನದಿಂದ ಹೇಳಿದರು.

ಪಕ್ಕದಲ್ಲಿ ಹುಡುಗರ ಗುಂಡು ಎಸೆತ ನಡೀತಿತ್ತು. ನಾನು ಹೋಗಿ, ಎಸೆಯೋಕೆ ನಿಂತಿದ್ದವನ ಕೈಯಿಂದ ಗುಂಡು ಇಸ್ಕೊಂಡೆ. ಕಾಲೇಜಿನ ದಿನಗಳಲ್ಲಿ ನಾನೂ ಗುಂಡು ಎಸೆದವಳೇ, ಕೈ ಇನ್ನೂ ಮರೆತಿರಲಿಲ್ಲ. ಮೂರನೇ ಏಟಿಗೆ ಬೀಗ ಕೊಂಡಿ ಸಮೇತ ಕಿತ್ತು ಬಂತು. ಸಮಿತಿಯವರು ಇದು ಸಾರ್ವಜನಿಕ ಆಸ್ತಿ ಅಂದರು. ನಾನು ಹೊರಗಿನ ಸಾರ್ವಜನಿಕರನ್ನ ತೋರಿಸಿದೆ. ಹುಡುಗಿಯರು ಅಷ್ಟೊತ್ತಿಗೆ ಸಾಲು ನಿಂತಾಗಿತ್ತು. ಕುರ್ಚಿ ಹೊರಗೆ ಬಂದವು, ನೀರಿನ ಬಕೆಟ್ ಒಳಗೆ ಹೋಯ್ತು. ಅರ್ಧ ಗಂಟೆಯಲ್ಲಿ ಕುಡಿಯೋ ನೀರಿನ ಡ್ರಮ್ ಖಾಲಿಯಾಗಿ ಎರಡನೇ ಸಲ ತುಂಬಿಸಬೇಕಾಯ್ತು.

ನಾನು ಇನ್ನೂ ಏದುಸಿರು ಬಿಡ್ತಾ ಗುಂಡು ಹಿಡಿದು ನಿಂತಿದ್ದೆ. ಗುಂಡು ಎಸೆತದ ತೀರ್ಪುಗಾರರು ಬಂದು ಬಹಳ ವಿನಯದಿಂದ ಕೇಳಿದರು: "ಮೇಡಂ, ಗುಂಡು ಕೊಟ್ರೆ ಮುಂದುವರಿಸ್ತೀವಿ. ನಿಮ್ಮ ಮೂರೂ ಎಸೆತ ಯಾವ ವಿಭಾಗದಲ್ಲಿ ಬರ್ಕೊಳ್ಳಲಿ?"

೪. ಚೆಂಡು ಕೊಡಲ್ಲ

ಲಕ್ಕವಳ್ಳಿ ಹತ್ತಿರ ಇದ್ದಾಗ ಊರಿನ ಹುಡುಗರು ವಾಲಿಬಾಲ್ ಪಂದ್ಯಾವಳಿ ಇಟ್ಟು ನನ್ನನ್ನ ರೆಫರಿಯಾಗಿ ಕರೆದಿದ್ದರು. ಹೆಂಗಸು ರೆಫರಿ ಅಂತ ನೋಡೋಕೇ ಒಂದಷ್ಟು ಜನ ಬಂದಿದ್ದರು. ಮೊದಲೆಲ್ಲ ಆ ತಿಂಗಳಲ್ಲಿ ಮಳೆಯ ಮಾತೇ ಇರಲಿಲ್ಲ. ಈಗ ಮಳೆಗೆ ತಿಂಗಳು ಗೊತ್ತಿಲ್ಲ.

ಫೈನಲ್ ಪಂದ್ಯ, ಕೊನೇ ಸೆಟ್ಟು, ಎರಡೂ ಕಡೆ ಸಮ. ಕಾಡಿನ ಕಡೆಯಿಂದ ಕರೀ ಮೋಡ ಎದ್ದು ಬಂತು. ಮೊದಲ ಗುಡುಗು ಕೇಳಿದಾಗ ನಾನು ರೆಫರಿ ಸ್ಟ್ಯಾಂಡಿನ ಮೇಲೆ ನಿಂತಿದ್ದೆ. ಕಬ್ಬಿಣದ ಸ್ಟ್ಯಾಂಡು. ಆ ಬಯಲಲ್ಲಿ ನನಗಿಂತ ಎತ್ತರಕ್ಕೆ ಇದ್ದದ್ದು ಅಂಕಣದ ಆಚೆಯ ಒಂದು ತೆಂಗಿನ ಮರ ಮಾತ್ರ. ಉದ್ದಕ್ಕೆ ವಿಷಲ್ ಊದಿ ಕೆಳಗಿಳಿದು, ಆಟ ನಿಂತಿದೆ, ಎಲ್ಲರೂ ಸೂರಿನ ಕೆಳಗೆ ಹೋಗಿ ಅಂದೆ. ಒಬ್ಬರೂ ಅಲ್ಲಾಡಲಿಲ್ಲ. ಗುಡುಗು ಇನ್ನೂ ದೂರ ಇದೆ ಅಂದರು. ಇನ್ನು ಎರಡೇ ಪಾಯಿಂಟು ಅಂದರು. ಹೆಂಗಸರನ್ನ ಕರೆಸಿದರೆ ಇಷ್ಟೇ ಅಂತ ಯಾರೋ ಹಿಂದಿನಿಂದ ಅಂದರು.

ಹೇಳಿ ಪ್ರಯೋಜನ ಇಲ್ಲ ಅಂತ ಗೊತ್ತಾಯ್ತು. ಚೆಂಡನ್ನ ಕಂಕುಳಲ್ಲಿ ಇರುಕಿಕೊಂಡು, ಹತ್ತಿರದಲ್ಲೇ ಇದ್ದ ಡ್ಯಾಮಿನ ಸಿಬ್ಬಂದಿಯ ಕ್ವಾರ್ಟರ್ಸ್ ಕಡೆ ಹೊರಟೆ. ಮೊದಲು ನಡೆದೆ, ಆಮೇಲೆ ಓಡಿದೆ. ಇರೋದು ಅದೊಂದೇ ಚೆಂಡು. ಎರಡೂ ತಂಡ, ಸಮಿತಿ, ಪ್ರೇಕ್ಷಕರು, ಎಲ್ಲರೂ ಕೂಗಾಡ್ತಾ ನನ್ನ ಹಿಂದೆ ಓಡಿ ಬಂದರು. ನನಗೆ ಬೇಕಾಗಿದ್ದೂ ಅದೇ. ಕ್ವಾರ್ಟರ್ಸಿನ ಒಂದು ಮನೆಯ ಯಜಮಾನಿ ಬಾಗಿಲು ತೆಗೆದಳು, ನಾನು ನಡುಮನೆಯ ಕುರ್ಚಿಯಲ್ಲಿ ಚೆಂಡು ತೊಡೆ ಮೇಲಿಟ್ಟುಕೊಂಡು ಕೂತೆ. ಮನೆ, ಪಡಸಾಲೆ, ಪಕ್ಕದ ಮನೆಗಳ ವರಾಂಡ, ಎಲ್ಲ ಕಡೆ ಜನ ತುಂಬಿಕೊಂಡರು.

ಸಮಿತಿಯ ಅಧ್ಯಕ್ಷ ಮುಂದೆ ಬಂದು ಕೈ ನೀಡಿದ. "ಚೆಂಡು ನಮ್ದು ಮೇಡಂ."

"ಚೆಂಡೂ ನಿಮ್ದೇ, ಹುಡುಗರೂ ನಿಮ್ಮವ್ರೇ ಕಣಪ್ಪ. ಇಬ್ರೂ ಒಳಗಿರ್ಲಿ" ಅಂದೆ.

ಅವನು ಏನೋ ಹೇಳೋಕೆ ಬಾಯಿ ತೆಗೆದ. ಆಗಲೇ ಮನೆಯೊಳಗೆಲ್ಲ ಬೆಳ್ಳಗೆ ಬೆಳಕು ಹೊಡೆದು, ಕಿವಿ ಗುಂಯ್ ಅನ್ನೋ ಹಾಗೆ ಸಿಡಿಲು ಬಡೀತು. ಕಿಟಕಿಯಿಂದ ನೋಡಿದರೆ ಅಂಕಣದ ಆಚೆಯ ತೆಂಗಿನ ಮರದ ಸುಳಿಯಲ್ಲಿ ಹೊಗೆ. ಅಧ್ಯಕ್ಷ ಚಾಚಿದ್ದ ಕೈ ಮೆಲ್ಲಗೆ ಹಿಂದಕ್ಕೆ ತಗೊಂಡ.

"ಮೇಡಂ," ಅಂದ, "ಚೆಂಡು ನಿಮ್ಮ ಹತ್ರನೇ ಇರ್ಲಿ. ಅದರಲ್ಲಿ ಗಾಳಿ ಕಮ್ಮಿಯಾದ್ರೆ ಹೇಳಿ, ನಾವೇ ಹೊಡೆಸ್ಕೊಡ್ತೀವಿ."

೫. ತಂಪಾದ ಊರಲ್ಲಿ ಓಟ

ಮೀಟಿಂಗ್ ಒಂದರಲ್ಲಿ ನಾನು ಬಿಸಿಲು ಬಿಸಿಲು ಅಂದಿದ್ದಕ್ಕೆ, ಹಾಗಾದರೆ ಶಿಕ್ಷಕರ ಓಟಾನ ಕೆಮ್ಮಣ್ಣುಗುಂಡಿಯಲ್ಲೇ ಇಡೋಣ ಅಂತ ಒಬ್ಬರು ಚೇಷ್ಟೆ ಮಾಡಿದರು. ನಾನು ಸರಿ ಅಂದುಬಿಟ್ಟೆ. ನಿಜವಾಗಲೂ ಇಟ್ಟರು. ಹೋದ ದಿನ ಎಂಥ ಮಂಜು ಅಂದರೆ, ಮುಂದೆ ಹೋಗುವವರ ಬೆನ್ನು ಮುಟ್ಟಿದರೆ ಮಾತ್ರ ಕಾಣುತ್ತಿತ್ತು. ಓಡುತ್ತಿರೋರು ಯಾರು, ನಿಂತಿರೋರು ಯಾರು ಅಂತ ಯಾರಿಗೂ ಗೊತ್ತಾಗಲ್ಲ ಅನ್ನೋದು ಶಿಕ್ಷಕರಿಗೆ ಬೇಗ ಹೊಳೆಯಿತು, ಎಲ್ಲರೂ ಆರಾಮಾಗಿ ನಡೆದರು. ಕೊನೆಯ ಗೆರೆ ಹತ್ತಿರ ನಾನು ಹಾರ ಹಿಡಿದು ನಿಂತಿದ್ದೆ. ಮಂಜಿನೊಳಗಿಂದ ಮೊದಲು ಬಂದವರಿಗೆ ಹಾರ ಹಾಕಿ ಕೈ ಕುಲುಕಿದೆ. ಅವರೂ ಸಂತೋಷದಿಂದ ಕುಲುಕಿದರು. ಆಮೇಲೆ, ಇಲ್ಲಿ ಟೀ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಹೆಂಡತಿ ಮಕ್ಕಳ ಜೊತೆ ದಾವಣಗೆರೆಯಿಂದ ಬೆಟ್ಟ ನೋಡೋಕೆ ಬಂದವರಂತೆ.

ಹಾರ ವಾಪಸ್ ಕೇಳೋಕೆ ನನಗೆ ಮನಸ್ಸು ಬರಲಿಲ್ಲ. ಆವತ್ತಿನ ಓಟದಲ್ಲಿ ಗಂಭೀರವಾಗಿ ನಡೆದವರು ಅವರೊಬ್ಬರೇ.

೬. ಬೆಳಗಿನ ಕೆಲಸ

ಹಿರೇನಲ್ಲೂರಿನ ಕಡೆಗೆ ಬಂದ ಮೇಲೆ ಹುಡುಗಿಯರ ಖೋ ಖೋ ತಂಡ ಕಟ್ಟಿದೆ. ಸಂಜೆ ಆಡಿಸೋಣ ಅಂದರೆ ಮಣ್ಣಿನ ಕಾವು ಆರೋ ಹೊತ್ತಿಗೆ ಕತ್ತಲಾಗುತ್ತೆ. ಹಾಗಾಗಿ ಹುಡುಗರಿಗೂ ಹುಡುಗಿಯರಿಗೂ ಅಭ್ಯಾಸ ಬೆಳಕು ಹರಿಯೋ ಹೊತ್ತಿಗೆ ಅಂತ ಗೊತ್ತು ಮಾಡಿದೆ. ನಾನೂ ಆ ಊರಲ್ಲೇ ಒಂದು ರೂಮು ಹಿಡಿದೆ.

ಮೊದಲ ದಿನ ಹುಡುಗರೆಲ್ಲ ಬಂದರು, ಹುಡುಗಿಯರು ಒಬ್ಬರೂ ಇಲ್ಲ. ಎರಡನೇ ದಿನವೂ ಅಷ್ಟೇ. ತಂಡದ ನಾಯಕಿಯನ್ನ ಹಿಡಿದು ಕೇಳಿದೆ. ಬೆಳಿಗ್ಗೆ ಎದ್ದು ಕಸ ಗುಡಿಸಬೇಕು, ಕೊಟ್ಟಿಗೆ ಸಗಣಿ ಬಾಚಬೇಕು, ನಲ್ಲಿ ನೀರು ಹಿಡೀಬೇಕು, ಅಮ್ಮ ಒಬ್ಬಳಿಗೇ ಆಗಲ್ಲ ಅಂದಳು. ಅಪ್ಪ ಏನು ಮಾಡ್ತಾರೆ ಅಂದೆ. ಅಪ್ಪ ಕಾಫಿ ಕುಡೀತಾರೆ ಅಂದಳು.

ಪೋಷಕರ ಸಭೆ ಕರೆದೆ. ಗಂಡಸರು ಮುಂದೆ ಕೂತರು, ಹೆಂಗಸರು ಹಿಂದೆ ನಿಂತರು. ನಾನು ಸುತ್ತು ಬಳಸದೆ ಹೇಳಿದೆ: ಮಧ್ಯಾಹ್ನ ಆಡಿಸಿದರೆ ಮಕ್ಕಳು ಬೀಳುತ್ತಾರೆ, ಆಟ ಬಿಡಿಸೋದು ನನ್ನ ಕೈಲಾಗಲ್ಲ, ಹುಡುಗಿಯರು ಬೆಳಿಗ್ಗೆ ಮೈದಾನಕ್ಕೆ ಬರ್ತಾರೆ, ಮನೆಯ ಬೆಳಗಿನ ಕೆಲಸ ಮನೆಯ ಗಂಡಸರು ಮಾಡಲಿ. ನಾಯಕಿಯ ಅಪ್ಪ ಎದ್ದು ನಿಂತರು. ತೆಂಗಿನ ತೋಟ ಇರೋ ಮನುಷ್ಯ, ದಪ್ಪ ಮೀಸೆ, ಊರಲ್ಲಿ ಅವರ ಮಾತಿಗೆ ತೂಕ.

"ಮೇಡಮ್ಮೋರೆ, ನಾನು ಪೊರಕೆ ಹಿಡ್ಕಂಡು ಬೀದೀಲಿ ನಿಂತ್ರೆ ಊರು ಏನನ್ನುತ್ತೆ?"

"ಊರು ಏನಾದ್ರೂ ಅನ್ಲಿ ಕಣ್ರೀ. ನಿಮ್ಮ ಮಗಳು ಆ ಬಿಸಿಲಲ್ಲಿ ಬಿದ್ರೆ ನೀವೇನಂತೀರಿ, ಅದನ್ನ ಹೇಳಿ."

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು. ಅವರ ಹಿಂದೆ ಉಳಿದವರೂ ಎದ್ದರು. ಆವತ್ತು ನನ್ನ ತಂಡ ಮುಗಿಯಿತು ಅಂದುಕೊಂಡೆ. ನಾಳೆ ಒಬ್ಬಳು ಬಂದರೂ ಅವಳೊಬ್ಬಳನ್ನೇ ಓಡಿಸ್ತೀನಿ ಅಂತ ಹಟದಲ್ಲಿ ಮಲಗಿದೆ.

ಮಾರನೇ ದಿನ ಮಸುಕು ಮಸುಕು ಬೆಳಕಲ್ಲಿ ಮೈದಾನಕ್ಕೆ ಹೋಗ್ತಿದ್ದೆ. ನಾಯಕಿಯ ಮನೆ ಮುಂದೆ ಯಾರೋ ಬಗ್ಗಿಕೊಂಡು ಕಸ ಗುಡಿಸ್ತಿದ್ದರು. ಅಷ್ಟು ಸೆಕೆಯಲ್ಲೂ ತಲೆಗೆ ಮಂಕಿ ಕ್ಯಾಪು, ಅದನ್ನ ಮೀಸೆ ಮುಚ್ಚೋ ಹಾಗೆ ಕೆಳಗೆ ಎಳೆದಿದ್ದಾರೆ. ನಾನು ನೋಡದ ಹಾಗೆ ನಡೆದೆ, ಅವರೂ ತಾವು ಯಾರೋ ಬೇರೆಯವರ ಹಾಗೆ ಗುಡಿಸಿದರು. ಜಗಲಿ ಮೇಲೆ ಅವರ ಹೆಂಡತಿ ಕಾಫಿ ಲೋಟ ಹಿಡಿದು ಕಾಲು ಚಾಚಿ ಕೂತಿದ್ದಳು. ಆ ಹೊತ್ತಲ್ಲಿ ಅವಳು ಕೂತಿದ್ದನ್ನ ನಾನು ಕಂಡಿರಲಿಲ್ಲ. "ಆ ಮೂಲೆ ಬಿಟ್ರಿ" ಅಂತ ಅವಳು ಹೇಳಿದ್ದು ನನಗೆ ಬೀದಿ ಕೊನೆಯ ತನಕ ಕೇಳಿಸ್ತು.

ಮೈದಾನದಲ್ಲಿ ನಾಯಕಿ ಒಬ್ಬಳೇ ನಿಂತಿದ್ದಳು. ಆ ವಾರ ಕಳೆಯೋದರೊಳಗೆ ತಂಡ ತುಂಬಿತು. ಬೆಳಗಾದರೆ ಬೀದಿ ತುಂಬ ಮಂಕಿ ಕ್ಯಾಪುಗಳು. ಒಬ್ಬರನ್ನೊಬ್ಬರು ನೋಡ್ತಿರಲಿಲ್ಲ, ಮಾತಾಡ್ತಿರಲಿಲ್ಲ, ಗುಡಿಸಿ ಒಳಗೆ ಹೋಗಿಬಿಡ್ತಿದ್ದರು. ಹಗಲಲ್ಲಿ ಸಿಕ್ಕರೆ ಈ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಕಡೂರಿನಲ್ಲಿ ತಾಲ್ಲೂಕು ಪಂದ್ಯ ನಡೆದಾಗ ನಮ್ಮ ಹುಡುಗಿಯರು ಗೆದ್ದರು. ಊರಿಂದ ಟ್ರ್ಯಾಕ್ಟರಲ್ಲಿ ಜನ ಬಂದಿದ್ದರು, ಅಪ್ಪಂದಿರೂ ಬಂದಿದ್ದರು, ಬಿಳೀ ಪಂಚೆ ಉಟ್ಟು ಹಿಂದಿನ ಸಾಲಲ್ಲಿ ಬಹಳ ಗಾಂಭೀರ್ಯದಿಂದ ನಿಂತಿದ್ದರು. ಬಹುಮಾನ ಕೊಟ್ಟವರು ನಾಯಕಿಯ ಕೈಗೆ ಮೈಕು ಕೊಟ್ಟು, ಈ ಗೆಲುವಿಗೆ ಕಾರಣ ಯಾರು ಅಂತ ಕೇಳಿದರು. ನಾನು ದುಪಟ್ಟ ಸರಿ ಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ನಮ್ಮಪ್ಪ" ಅಂದಳು ಹುಡುಗಿ. "ದಿನಾ ಬೆಳಿಗ್ಗೆ ನಮ್ಮಪ್ಪ ಕಸ ಗುಡಿಸ್ತಾರೆ, ಸಗಣಿ ಬಾಚ್ತಾರೆ, ನೀರು ಹಿಡೀತಾರೆ. ಅದಕ್ಕೇ ನಾನು ಬಿಸಿಲೇರೋಕೆ ಮುಂಚೆ ಆಡೋಕಾಯ್ತು."

ಮೈದಾನದ ಒಂದು ಮೂಲೆಯಿಂದ ನಗು ಶುರುವಾಗಿ ಎಲ್ಲ ಕಡೆ ಹಬ್ಬಿತು. ಜನ ತಿರುಗಿ ತಿರುಗಿ ಹಿಂದಿನ ಸಾಲು ನೋಡಿದರು. ಪಕ್ಕದಲ್ಲಿದ್ದ ಅಪ್ಪಂದಿರೆಲ್ಲ ಮೆಲ್ಲಗೆ ಒಂದೊಂದು ಹೆಜ್ಜೆ ಸರಿದು, ನಾಯಕಿಯ ಅಪ್ಪ ಒಬ್ಬರೇ ನಡುವೆ ಉಳಿದರು. ಹುಡುಗಿಯ ಆಟ ಇವತ್ತಿಗೆ ಮುಗೀತು, ನನ್ನ ಕಣ್ಣೆದುರೇ ಕೈ ಹಿಡಿದು ಎಳ್ಕೊಂಡು ಹೋಗ್ತಾರೆ ಅಂದುಕೊಂಡೆ.

ಅವರು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಸುತ್ತ ಒಂದು ಸಲ ನೋಡಿದರು. ನಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಮೈಕೇ ಬೇಡದಂಥ ಗಂಟಲಲ್ಲಿ ವೇದಿಕೆಯ ಕಡೆ ಕೂಗಿ ಹೇಳಿದರು:

"ನಾನು ರಂಗೋಲಿ ಹಾಕೋದನ್ನ ಬಿಟ್ಬಿಟ್ಯಲ್ಲ ಮಗಳೇ, ಅದನ್ನೂ ಹೇಳು."